ಮೊಣಕಾಲೆತ್ತರ

ಇನ್ನೊಂದು ಬಂತಾ, ಅಂದೆ.
ಮುಸುಕು, ಬೆನ್ನಿಗೊಂದು ಹಾರುವ ಬಟ್ಟೆ,
ಒಂದೇ ಗುದ್ದಿಗೆ ಉರುಳುವ ಹನ್ನೆರಡು ಮಹಡಿ,
ಅಷ್ಟು ಧೂಳಲ್ಲೂ ಕೆಡದ ಕ್ರಾಪು.
ಕಂಡಿದ್ದೇನೆ, ಸಾಕಾಗುವಷ್ಟು.
ಮಂಗಳವಾರ, ರಾತ್ರಿ ಎಂಟು.
ಡುಲೂತ್ ಊರಲ್ಲಿ ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.
ಕಿಟಕಿಯಾಚೆ ಸುಪೀರಿಯರ್ ಸರೋವರ
ಹಲ್ಲು ಕಡಿಯುತ್ತ ಮಲಗಿತ್ತು.

ನಾನು ಕಂಬ ಹತ್ತುವವನು.
ಕರೆಂಟು ಕಂಪನಿಯಲ್ಲಿ ಇಪ್ಪತ್ತೇಳು ವರ್ಷ.
ಎತ್ತರ ಅಂದರೇನು, ಅಲ್ಲಿ ಗಾಳಿ
ಕಿವಿಯೊಳಗೆ ಹೇಗೆ ಬಯ್ಯುತ್ತದೆ, ಬಲ್ಲೆ.
ಹಾರುವವರನ್ನು ಕಂಡರೆ ಮೂಗು ಮುರಿಯುವ ಹಕ್ಕು
ಸಂಬಳದ ಜೊತೆಗೇ ಬಂದದ್ದು ನನಗೆ.

ಆದರೆ ರಿಮೋಟು ಲೋರ್ನಾಳ ತೊಡೆಯ ಕೆಳಗೆ.
ಮೊಮ್ಮಗ ಆನ್ಸೆಲ್, ಮುಂದಿನೆರಡು ಹಲ್ಲಿಲ್ಲದ ಏಳು ವರ್ಷದವನು,
"ಐದೇ ನಿಮಿಷ ಅಜ್ಜಾ" ಎಂದು ಗಾಳಿ ಬೆರೆಸಿ ಹೇಳಿದ.
ಐದು ನಿಮಿಷ.
ಗಡಿಯಾರ ನೋಡಿಕೊಂಡೇ ಕೂತೆ.

ಅಪ್ಪ ಹಾರುತ್ತಾನೆ, ಸರಿ.
ಎಷ್ಟೆತ್ತರ? ಮೊಣಕಾಲಿನಷ್ಟು.
ಅದಕ್ಕಿಂತ ಮೇಲೆ ಹೋದರೆ ಅವನಿಗೆ ತಲೆ ಸುತ್ತು.
ಪಕ್ಕದ ಮನೆ ನಾಯಿ ಅವನ ಸಮಕ್ಕೆ ಓಡುತ್ತ
ಮುಖ ನೆಕ್ಕುತ್ತದೆ.
ಅಮ್ಮ ಕಾಲವನ್ನೇ ನಿಲ್ಲಿಸಬಲ್ಲಳು,
ಉಸಿರು ಕಟ್ಟಿದಷ್ಟು ಹೊತ್ತು ಮಾತ್ರ;
ಆ ನಲವತ್ತು ಸೆಕೆಂಡಿನಲ್ಲಿ ಲೋಕ ಕಾಯುವುದಿಲ್ಲ ಅವಳು,
ಬಿಸಿ ಆರುವ ಮೊದಲು ಕಾಫಿ ಕುಡಿಯುತ್ತಾಳೆ.
(ಉಸಿರು ಕಟ್ಟಿ ಕುಡಿಯುವುದು ಹೇಗೆ ಅಂತ ಕೇಳಿದೆ.
"ಶ್" ಅಂದರು ಇಬ್ಬರೂ.)
ಮಗಳು ಮಾಯವಾಗುತ್ತಾಳೆ, ಕಾಲುಚೀಲ ಆಗುವುದಿಲ್ಲ.
ಅಜ್ಜಿ ರೈಲಿನ ಎಂಜಿನ್ ಎತ್ತುತ್ತಾಳೆ,
ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಮಾತ್ರ, ಊಹೂಂ, ಮಣಿಕಟ್ಟು ನೋವು.

ಊರಿನ ಎಡಗೈ ಗವುಸುಗಳನ್ನೆಲ್ಲ
ಯಾವನೋ ದುರುಳ ಕದ್ದೊಯ್ದಿದ್ದಾನೆ.
ಬೆನ್ನಟ್ಟಬೇಕು ಎಲ್ಲರೂ, ತುರ್ತು.
ಬಾಗಿಲಲ್ಲೇ ಜಗಳ:
ತೊಳೆದ ಪಾತ್ರೆ ಎತ್ತಿಡುವ ಸರದಿ ಇವತ್ತು ಯಾರದು?

ಕಾಫಿ ನನ್ನ ಮೂಗಿನಿಂದ ಬಂತು.
ಲೋರ್ನಾ ತಿರುಗಿ ನೋಡಿದಳು,
ವರ್ಷಗಟ್ಟಲೆ ನಿಂತ ಮೀಟರು
ತಾನಾಗಿ ತಿರುಗಿದ್ದನ್ನು ನೋಡುವ ಹಾಗೆ.

ನಗಿಸಿದ್ದಕ್ಕೆ ಅಲ್ಲ, ಹೇಳುತ್ತೇನೆ ಕೇಳಿ.
ಕೊನೆಗೊಂದು ಚಿಕ್ಕ ದೃಶ್ಯ, ಸಂಗೀತವೂ ಇಲ್ಲ ಅದಕ್ಕೆ.
ನಡುರಾತ್ರಿ ಸೋತು ಬಂದ ಅಪ್ಪ
ಮೆಟ್ಟಿಲ ಮೇಲೆ ಒಂದು ಗೇಣು ತೇಲುತ್ತ ಹೋಗುತ್ತಾನೆ,
ಹಲಗೆ ಕಿರ್ರೆನ್ನಬಾರದೆಂದು,
ಮಕ್ಕಳು ಏಳಬಾರದೆಂದು.
ಅಷ್ಟೇ. ಅವನ ಶಕ್ತಿ ಇದ್ದದ್ದೇ ಅದಕ್ಕೇನೋ.

ನಮ್ಮ ಮನೆಯಲ್ಲಿ ಐದನೆಯ ಮೆಟ್ಟಿಲು.
ಸಿಗ್ನಿ ಚಿಕ್ಕವಳಿದ್ದಾಗ ಎಷ್ಟು ಬಿರುಗಾಳಿ ಮುಗಿಸಿ
ಬೂಟು ಕೈಯಲ್ಲಿ ಹಿಡಿದು
ಆ ಮೆಟ್ಟಿಲು ದಾಟಲು ನಾನು ಪಟ್ಟ ಪಾಡು!
ಒಮ್ಮೆಯೂ ಗೆಲ್ಲಲಿಲ್ಲ.
"ಬಂದೆಯಾ ಅಪ್ಪಾ" ಎನ್ನುತ್ತಿತ್ತು ಕತ್ತಲು.

ಐದು ನಿಮಿಷ ಎಂದೋ ಆಗಿಹೋಗಿತ್ತು.
"ಮುಂದಿನದು ಯಾವಾಗ?" ಅಂದೆ,
ಬೂಟಿನ ದಾರಕ್ಕೆ ಕೇಳುವವನಂತೆ.

ಮುಂದಿನ ಮಂಗಳವಾರ ಹಿಮ ಮುರಿದುಬಿತ್ತು.
ತಂತಿಗಳೆಲ್ಲ ಗಾಜಾದವು, ಅರ್ಧ ಊರು ಕತ್ತಲು.
ಬಕೆಟ್ಟಿನಲ್ಲಿ ನಲವತ್ತಡಿ ಮೇಲೆ ನಾನು,
ಕೆಳಗೆ ಟಾರ್ಚು ಹಿಡಿದ ರಸ್ಟಿ.
ಎಂಟೂ ಹತ್ತಕ್ಕೆ ಫ್ಯೂಸು ಕೂತಿತು.
ಬೀದಿಯ ಕಿಟಕಿಗಳು ಒಂದೊಂದೇ ಕಣ್ಣುಜ್ಜಿಕೊಂಡವು.
ಯಾರದೋ ಮನೆ, ಹಳದಿ ಪರದೆ, ದೊಡ್ಡ ಟೀವಿ.
ಅದರಲ್ಲಿ ಅವನೇ, ಸದ್ದಿಲ್ಲದೆ,
ಮೊಣಕಾಲೆತ್ತರದಲ್ಲಿ,
ನಾಯಿಯ ಜೊತೆ.

ಕಂಬವೇ ಅಲುಗುವ ಹಾಗೆ ನಕ್ಕಿರಬೇಕು.
"ಏನಾಯ್ತೋ?" ಕೆಳಗಿನಿಂದ ರಸ್ಟಿ ಕೂಗಿದ, "ಶಾಕ್ ಹೊಡೀತಾ?"
ಏನಿಲ್ಲ, ಅಂದೆ.
ಎರಡು ನಿಮಿಷ ತಾಳು.
ಎಡಗೈ ಗವುಸು ಸಿಗುತ್ತಿಲ್ಲ.