ಹುಟ್ಟು

ಗುಡಾರದ ಗೂಟ ಕಲ್ಲಿಗೆ ಇಳಿಯಲಿಲ್ಲ.
ಸುಬ್ಬುರತ್ನ ಬಡಿದಳು, ಜುಬೇದಾ ಬಡಿದಳು, ನಾನೂ ಬಡಿದೆ.
ಬಾಗಿದ್ದು ಗೂಟ. ಕಲ್ಲು ಠಣ್ ಎಂದು ಸುಮ್ಮನಾಯಿತು.
ಮೂವರೂ ದೆಂಕಣಿಕೋಟೆ ಅಂಚೆಕಚೇರಿಯವರು,
ಠಸ್ಸೆ ಒತ್ತಿ ಒತ್ತಿ ಬಲಿತ ತೋಳು ನಮ್ಮವು.
ಇಲ್ಲಿ ನಡೆಯಲಿಲ್ಲ.

ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು
ಆಮೆಯ ಹಾಗೆ ಬಂದ ಮುನಿಮಾದಯ್ಯ.
ಇಳಿಸಿದ, ನೋಡಿದ.
"ಕಲ್ಲಿಗೆ ಗೂಟ ಹೊಡೀಬಾರ್ದಮ್ಮ,
ಕಲ್ಲನ್ನೇ ಗೂಟ ಮಾಡ್ಕೋಬೇಕು."
ನಾಲ್ಕು ಗುಂಡು, ನಾಲ್ಕು ಗಂಟು.
ಗುಡಾರ ನಿಂತಿತು.

ಹೊಗೇನಕಲ್ಲಿನ ಗದ್ದಲ ಮೇಲೆಯೇ ಉಳಿಯಿತು:
ಎಣ್ಣೆ ತಿಕ್ಕುವವರು, ಖಾರ ಮೆತ್ತಿದ ಮೀನಿನ ಸಾಲು,
ಬೆಂಕಿಯಿಲ್ಲದೆ ಏಳುವ ಆ ಬಿಳಿ ಹೊಗೆ.
ಕೆಳಗೆ, ಎರಡು ಕಪ್ಪು ಗೋಡೆಗಳ ನಡುವೆ,
ಹಾಸಿಗೆಯಷ್ಟು ಮರಳು.
ಎಡದಂಡೆಗೆ ಒಂದು ಸರ್ಕಾರ, ಬಲದಂಡೆಗೆ ಇನ್ನೊಂದು.
"ಇಲ್ಲಿಗೆ ಕಾಗದ ಬಂದರೆ
ಯಾವ ಚೀಲಕ್ಕೆ ಹಾಕೋದು?" ಅಂದಳು ಜುಬೇದಾ.
ಇಪ್ಪತ್ತಾರು ವರ್ಷ ಮೂರು ಲಿಪಿಯ ವಿಳಾಸ ವಿಂಗಡಿಸಿದ್ದೇನೆ,
ಮಳೆಗೆ ಅಳಿಸಿಹೋದದ್ದನ್ನೂ ಓದಿದ್ದೇನೆ.
ಈ ಮರಳಿಗೆ ಪಿನ್‌ಕೋಡು ಹೊಳೆಯಲಿಲ್ಲ.

ದಿನಾ ವಾರ್ತೆಯಲ್ಲಿ ಕ್ಯುಸೆಕ್ ಕ್ಯುಸೆಕ್ ಎಂದು
ಜಗಳಕ್ಕೆ ಕರೆಸಿಕೊಳ್ಳುವ ನೀರು
ಸಂಜೆ ಬಂದು ನನ್ನ ಕಾಲ್ಬೆರಳು ಎಣಿಸಿತು.
ಹತ್ತು.
ಮತ್ತೆ ಮೊದಲಿಂದ.

ಆಕಾಶ ಇಲ್ಲಿ ಸೀರೆಯ ಅಂಚಿನಷ್ಟೇ ಅಗಲ.
ಅದರಲ್ಲೇ ನಕ್ಷತ್ರಗಳು
ಅಂಚೆಟ್ಟಿಯ ಕಡೇ ಬಸ್ಸಿನವರ ಹಾಗೆ
ಒಬ್ಬರ ತೊಡೆಯ ಮೇಲೊಬ್ಬರು.
ಹುರಿಗಡಲೆ ಮುಗಿಯುವ ಹೊತ್ತಿಗೆ ಆಚೆ ದಂಡೆಯಲ್ಲಿ
ಏನೋ ಭಾರವಾದದ್ದು ನೀರಿಗೆ ಬಾಯಿಟ್ಟಿತು.
ಒಂದು ಕೊಡ, ಎರಡು ಕೊಡ,
ಸದ್ದಿನಲ್ಲೇ ಅಳೆದೆವು.
ಸುಬ್ಬುರತ್ನ ಟಾರ್ಚಿಗೆ ಕೈ ಹಾಕಿದಳು.
"ಬ್ಯಾಡ" ಅಂದ ಮುನಿಮಾದಯ್ಯ,
"ಉಣ್ಣೋರ ಮುಖ ನೋಡಬಾರ್ದು."

ಬೆನ್ನ ಕೆಳಗೊಂದು ಕಲ್ಲು ರಾತ್ರಿಯಿಡೀ ಮಾತಾಡಿತು.
ಜುಬೇದಾ ಮಾತ್ರ ಗೊರಕೆ ಹೊಡೆದಳು.

ಬೆಳಗ್ಗೆ, ಮೊದಲ ಜೀಪಿಗಿಂತ ಮುಂಚೆ,
"ಮಡುವಿನಾಗೆ ಮೂರು ಸುತ್ತು ತಿರುಗಿಸ್ತೀನಿ ಬನ್ನಿ,
ಬೇರೇರಿಗಾದ್ರೆ ಐವತ್ತು ರೂಪಾಯಿ."
ಪರಿಸಲ್ ಎಂದರೂ ತಿರುಗುತ್ತದೆ, ಹರಿಗೋಲು ಎಂದರೂ.
ತಿರುಗುವಾಗ ನಿನಗೆ ಹೇಗನ್ನಿಸುತ್ತದೆ, ಕೇಳಿದೆ.
"ನಾನೆಲ್ಲಿ ತಿರುಗ್ತೀನಿ? ನನ್ನ ಕಣ್ಣು ಹುಟ್ಟಿನ ತುದೀಲೇ ಇರ್ತದೆ.
ಕೆಳಗೆ ಬಂಡೆ. ಕಣ್ಣೆತ್ತಿದರೆ ಒಂದು ಸಂಸಾರ ಹೋಯ್ತು.
ಮೂವತ್ತೊಂದು ವರ್ಷ ಆಯ್ತು,
ನಡುಹೊಳೆಯಿಂದ ಈ ಗೋಡೆ ತಲೆ ಹೆಂಗದೆ ನಂಗೊತ್ತಿಲ್ಲ."

ಕೈ ಚಾಚಿದೆ.
ನನ್ನನ್ನು ನೋಡಿದ, ನೀರನ್ನು ನೋಡಿದ. ಕೊಟ್ಟ.
ಹಿಡಿಯಲ್ಲಿ ಅವನ ಹೆಬ್ಬೆರಳು ತೋಡಿದ ಗುಳಿ;
ನನ್ನ ಹೆಬ್ಬೆರಳು ಅದರಲ್ಲಿ ಮಗುವಿನಂತೆ ಮಲಗಿತು.
ಸಾವಿರ ಜನರ ಬೆವರಿನ ಕಿತ್ತಳೆ ಜಾಕೆಟ್ಟು
ಅವನೂ ತೊಟ್ಟ. ಕೊಕ್ಕೆ ಎಲ್ಲೆಂದು ತಿಳಿಯದೆ
ಸುಬ್ಬುರತ್ನಳೇ ಹಾಕಿದಳು.

ನೀರಿಗೆ ಹೊಡೆದೆ. ಹರಿಗೋಲು
ಹಟಕ್ಕೆ ಬಿದ್ದ ಹೋರಿಯಂತೆ ಹಿಂದಕ್ಕೆ ಹೋಯಿತು.
ಮತ್ತೆ ಹೊಡೆದೆ. ಅರ್ಧ ಸುತ್ತು.
ಒಂದು. ಒಂದೂವರೆ.
ಅಷ್ಟೇ ನನ್ನ ಕೈಲಾದದ್ದು.

ಅವನು ಕತ್ತು ಹಿಂದಕ್ಕೆ ಚೆಲ್ಲಿ ಕೂತಿದ್ದ.
ಗಂಟಲ ಗಂಟು ಒಮ್ಮೆ ಮೇಲೆ, ಒಮ್ಮೆ ಕೆಳಗೆ.
ಬಹಳ ಹೊತ್ತಿನ ಮೇಲೆ ಅಂದ:
"ಅಲ್ಲೊಂದು ಅತ್ತಿಮರ ಅದೆ."
ನೋಡಿದೆವು. ಮಣ್ಣಿಲ್ಲದ ಎತ್ತರದಲ್ಲಿ,
ಬಿರುಕಿಗೆ ಬೇರು ತುರುಕಿ,
ಕಾಯಿ ಕೂಡ ಬಿಟ್ಟಿದೆ.
"ಯಾವಾಗ ಬಂತೋ" ಅಂದ,
ಹೇಳದೆ ಕೇಳದೆ ಮನೆಗೆ ಬಂದು ಕೂತ
ನೆಂಟನ ಬಗ್ಗೆ ಅನ್ನುವ ಹಾಗೆ.

ಮೇಲೆ ಜೀಪಿನ ಹಾರನ್ನು.
ಹುಟ್ಟು ಅವನ ಕೈಗೆ ಹೋಯಿತು, ಕಣ್ಣು ಹುಟ್ಟಿನ ತುದಿಗೆ.
ಗುಡಾರ ಮಡಚಿದೆವು. ಗಂಟು ಬಿಚ್ಚಿಸಿಕೊಂಡ ಗುಂಡುಗಳು
ಮತ್ತೆ ಬರೀ ಗುಂಡುಗಳಾದವು.

ಬಾಡಿಗೆ ಎರಡು ಸಲ ಎಣಿಸಿ ತೆಗೆದುಕೊಂಡ.
ಅದರಿಂದಲೇ ಐವತ್ತರ ನೋಟೊಂದು ಎತ್ತಿ
ನನ್ನ ಕೈಗಿಟ್ಟ. "ನಾನು ಸುತ್ತಿದ್ದಕ್ಕೆ."
ಒಂದೂವರೆ ಸುತ್ತಿಗೆ ಇಪ್ಪತ್ತೈದೇ ಆಗುವುದು,
ಚಿಲ್ಲರೆ ನನ್ನ ಹತ್ತಿರ ಇರಲಿಲ್ಲ.

ನೋಟು ಒದ್ದೆಯಾಗಿತ್ತು.
ಬಸ್ಸಿನ ಕಂಡಕ್ಟರು ಅದನ್ನು ಬಿಸಿಲಿಗೆ ಹಿಡಿದು,
ಎರಡೂ ಕಡೆ ನೋಡಿ,
ಮೂರು ಟಿಕೆಟ್ಟು ಹರಿದ.