ನಾಕನೇ ತಟ್ಟಿ

ಹಟ್ಟಿ ಕ್ಯಾಂಪಿನಾಗ ಇಂಥವು ಎರಡೇ ಇದ್ದವು,
ಒಂದು ನಂದು, ಒಂದು ಸಣ್ಣ ಓಣಿ ದಾಟಿದ್ರ
ಎದುರು ಕಿಟಕಿಯ ದೇವಪುತ್ರಪ್ಪಂದು.
ಕರೇ ಮೈ, ಹಸಿರು ಅಂಕಿ, ಒಳಗ ಐದು ತಟ್ಟಿ.
ಬಾಗಲಾ ತೆರದ್ರ ಉಣ್ಣಾಕ ಕುಂತಂಗ
ದುಂಡಗ ಕುಂತಿರತಿದ್ದವು ಸೀಡಿ.

ತೊಂಬತ್ತೊಂಬತ್ತರ ಬೋನಸ್ಸಿನಾಗ ತಂದದ್ದು,
ರಾಯಚೂರಿನ ತೀನ್ ಕಂದೀಲ್ ಹಿಂದಿನ ಅಂಗಡ್ಯಾಗ
ಎರಡು ತಗೋತೀವಿ, ನೂರು ಬಿಡು ಅಂತ ಜಗ್ಗಾಡಿ.
ತೊಡಿ ಮ್ಯಾಲ ಇಟಗೊಂಡು ಬಸ್ಸಿನಾಗ ಬಂದ್ವಿ.
ಕವಿತಾಳದ ತಗ್ಗು ಬಂದಾಗೆಲ್ಲ
ಇಬ್ರೂ ಒಂದೇ ಸಲಕ್ಕ ಕುಂಡಿ ಎತ್ತಿ.
ಕಂಡಕ್ಟರ್ ಕೇಳಿದ: ಕೂಸೇನ್ರಿ?
ಅರ್ಧ ಟಿಕೀಟು ಹರದ.

ನಾನು ಗಣಿ ಪಂಜರ ಇಳಿಸಾವ.
ಎರಡು ಗಂಟಿಗೆ ಇಳಿಸು, ಒಂದಕ್ಕ ನಿಲ್ಲು,
ಮೂರು ಬಡದ್ರ ಒಳಗ ಮನಷ್ಯಾರ ಅದಾರ, ಹಗೂರ.
ಎಂಟು ತಾಸು ಕಣ್ಣಿಗಿ ಕಾಣದ ಮಂದೀನ
ಹಗ್ಗದ ತೂಕದಾಗ ಗುರುತು ಹಿಡದು
ಮನಿಗಿ ಬಂದು ಗುಂಡಿ ಒತ್ತಿದ್ರ
ಇದೂ ಗಿರ್ರ್ ಅಂತ ತಿರುಗಿ, ತಡದು,
ಒಳಗ ಯಾರದಾರ ಅಂತ ಹುಡುಕತಿತ್ತು.

ಸಂಜೀಕ ನೆಲದ ಬುಡಕ ಬ್ಲಾಸ್ಟಿಂಗ್ ಆತಂದ್ರ
ಕಪಾಟಿನ ಬಸಿ ಕಟಕಟ ಅಂದು
ತತ್ವಪದದ ಮುದುಕ ಒಂದು ಉಸಿರು ನುಂಗತಿದ್ದ.
ಆ ತಡದ ಜಾಗಾದಾಗ ಗೀರು ಬಿದ್ದು
ಮುಂದ ದಿನಾ ಅಲ್ಲೇ ನುಂಗಾಕ ಹತ್ತಿದ.
ಮಗಳು ರೇಣವ್ವ ಸಾಲ್ಯಾಗ ಅದೇ ಪದ ಹಾಡಿ
ನಡುವ ಬಾಯಿ ಮುಚ್ಚಿ ನಿಂತಳಂತ.
ಯಾಕವ್ವಾ ಮರತೇನ? ಅಂದ್ರ ಮಾಸ್ತರು.
ಇಲ್ರೀ, ಅಲ್ಲಿ ಬ್ಲಾಸ್ಟಿಂಗ್ ಅದ.

ಎಂಟನೇ ವರ್ಷಕ್ಕ ಎರಡಕ್ಕೂ ಜಡ್ಡು.
ನಂದು ನಾಕನೇ ತಟ್ಟಿ ಮುಟ್ಟವಲ್ದು,
ಅವಂದು ನಾಕನೇದು ಬಿಟ್ಟು ಮತ್ತೊಂದು ಮುಟ್ಟವಲ್ದು.
ಮಣಕಾಲ ಬ್ಯಾನಿ ಹೇಳಿಕೊಂಡಂಗ
ಕಿಟಕ್ಯಾಗ ನಿಂತು ಇಬ್ರೂ ಹೇಳಿಕೋತಿದ್ವಿ.
ಬೆಲ್ಟು ಸಡಿಲಾತಂತ ಅವ ಸೈಕಲ್ ಟ್ಯೂಬು ಕತ್ತರಿಸಿದ,
ನಾನು ಹುಲಿಗೆಮ್ಮನ ಜಡಿ ರಬ್ಬರ್ ಕದ್ದೆ.
ಸ್ಪಿರಿಟು ಗಣಿ ದವಾಖಾನಿದು,
ಹತ್ತಿ ದೇವರ ಜಗಲಿ ಡಬ್ಬ್ಯಾಂದು.
ಒರಸಿದ್ದೇ ಒರಸಿದ್ದು.
ಐದೂ ತುಂಬಿಸಿಟ್ಟು ಮುಚ್ಚಿದ್ರ
‘ನೋ ಡಿಸ್ಕ್’ ಅಂತಿತ್ತು ಹಸಿರು ಅಕ್ಷರದಾಗ.
ಹುಲಿಗೆಮ್ಮ ಅಂದಳು: ನಿಮ್ಮ ಅಣ್ಣನಂಗ,
ಉಂಡು ಕೈ ತೊಳದು ಹಸಿವಿ ಅಂತದ.

ಲಿಂಗಸುಗೂರಿನ ಖಾಜಾಹುಸೇನ ಎರಡೂ ಬಿಚ್ಚಿ ನೋಡಿದ.
ಒಂದರ ಕಣ್ಣು ಹೋಗ್ಯದ, ಒಂದರ ಕಾಲು.
ಎರಡು ಕೂಡಿಸಿ ಒಂದು ಮಾಡಿಕೊಡ್ತೀನಿ, ಹೇಳ್ರಿ.
ನಾವು ಚಾ ಕುಡದ್ವಿ. ಹೇಳಲಿಲ್ಲ.
ಒಂದು ತಿಂಗಳು ದೇವಪುತ್ರಪ್ಪ ಕಿಟಕ್ಯಾಗ ನಿಲ್ಲಲಿಲ್ಲ.
ಒಂದು ಐತವಾರ ಪ್ರಾರ್ಥನಿ ಮುಗಿಸಿ
ಬಿಳಿ ಅಂಗಿಮ್ಯಾಲೇ ಬಂದ, ಬಗಲಾಗ ಆ ಕೂಸು.
ತಗೋ, ಅಂದ.
ನಮ್ಮಾಕಿಗಿ ಕಿವಿ ಪೂರಾ ಹೋದ್ವು.
ನಾ ಒಬ್ಬಾವ ಕೇಳಕೋತ ಕುಂತ್ರ
ಆಕಿ ನನ್ನ ಮಾರಿ ನೋಡಕೋತ ಕುಂಡ್ರತಾಳ.

ಈಗ ಅವನ ಕಣ್ಣು ನನ್ನ ಡಬ್ಬ್ಯಾಗ.
ಅವನ ಗೀರು ಬಿದ್ದ ತೆಲುಗು ಕೀರ್ತನಿ
ಬೆಣ್ಯಾಗ ಕೂದಲಾ ಎಳದಂಗ ಓದತದ.
ನನ್ನ ತತ್ವಪದ ಉಗುಳತದ.
ಖಾಜಾಹುಸೇನಗ ಕೇಳಿದ್ರ ನಗತಾನ:
ಇಪ್ಪತ್ತು ವರ್ಷ ನೋಡಿದ್ದೇ ನೋಡಿ ರೂಢಿ ಬಿದ್ದದ ರೀ.
ಅಂಥಾದ್ದೇನಿರಲಿಕ್ಕಿಲ್ಲ, ಖರೇ ಅಂದ್ರ.
ಆದ್ರೂ ನಾಕನೇ ತಟ್ಟಿ ಅವಂಗೇ ಬಿಟ್ಟೀನಿ.

ರಿಮೋಟ್ ಮಾತ್ರ ಅವ ಕೊಡಲಿಲ್ಲ.
ಕೇಳೋದು ನಂಗೂ ಆಗಲಿಲ್ಲ.

ಒಮ್ಮೊಮ್ಮಿ ನಟ್ಟ ನಡುರಾತ್ರಿ
ಪಡಸಾಲ್ಯಾಗ ಹಸಿರು ಹತ್ತಿ, ಗಿರ್ರ್ ಅಂದು
ನಾಕಕ್ಕ ಬಂದು ನಿಲ್ಲತದ.
ಸೆಕಿ ಇರಲಿ, ಥಂಡಿ ಇರಲಿ,
ಹುಲಿಗೆಮ್ಮ ಮಗ್ಗಲಾ ಹೊರಳಿ ಅಂತಾಳ:
ಕಿಟಕಿ ಮುಚ್ಚಬ್ಯಾಡ್ರಿ,
ಅವಂಗ ಇನ್ನೂ ನಿದ್ದಿ ಹತ್ತಿಲ್ಲ.