ಬಿದಿರು, ಬಟ್ಟೆ, ಗಾಳಿ

ಹಳೇ ಲಾರಿ ಟ್ಯೂಬು ನಲವತ್ತು ಬೇಕು ಅಂದಳು ದಾಕ್ಷಾಯಣಿ,
ಮೊಣಕೈವರೆಗೆ ಸುಣ್ಣ, ಚಿತ್ರಕಲಾ ಕಾಲೇಜಿನ ಹುಡುಗಿ.
ಬಾಡಿಗೆ ಎಷ್ಟು? ಇಪ್ಪತ್ತೊಂದು ದಿನಕ್ಕೆ ಮಾತ್ರ.
ಟ್ಯೂಬಿಗೆ ಬಾಡಿಗೆ ಕೇಳಿದವರು
ಪಿ.ಬಿ. ರಸ್ತೆಯಲ್ಲಿ ಈವರೆಗೆ ಯಾರೂ ಇಲ್ಲ.

ಕುಂದವಾಡ ಕೆರೆ ನಡುವೆ ಎದ್ದು ನಿಂತಿತು
ಬಿಳಿ ಬಟ್ಟೆ ಸುತ್ತಿದ ಬಿದಿರಿನ ಚಿಮಣಿ,
ಮೂರಾಳೆತ್ತರ. ಹೊಗೆಯಿಲ್ಲ.
ನೀರೊಳಗೆ ಇನ್ನೊಂದು, ತಲೆಕೆಳಗು,
ಬಾವಿಯ ಹಾಗೆ.

ವಾಕಿಂಗಿನವರು ನಿಂತರು.
ಇದು ನಮ್ಮ ಮಿಲ್ಲಿಂದೇ ಅಂದ ಒಬ್ಬ ಮುದುಕ
ಮೂರನೇ ಪಾಳಿಯ ಸೈರನ್ನು ಬಾಯಲ್ಲೇ ಕೂಗಿ ತೋರಿಸಿದ.
ಅಲ್ಲ, ಮಂಡಕ್ಕಿ ಭಟ್ಟಿಯದು, ಅಂದಳು ಒಬ್ಬಾಕೆ.
ನೀರುಕಾಗೆಯೊಂದು ತುದಿಗೆ ಕೂತು ರೆಕ್ಕೆ ಒಣಗಿಸಿ
ತನ್ನ ಅಭಿಪ್ರಾಯ ಬೆಳ್ಳಗೆ ಇಳಿಬಿಟ್ಟಿತು.

ದಡದ ಫಲಕದಲ್ಲಿ ಬರೆದಿತ್ತು:
ಸಾಮಗ್ರಿ – ಬಿದಿರು, ಹತ್ತಿಬಟ್ಟೆ, ಗಾಳಿ.
ಟ್ಯೂಬಿನ ಹೆಸರಿಲ್ಲ. ಗಾಳಿ ಇದೆ.
ಎರಡು ಸಲ ಓದಿದೆ.
ಸೈಕಲ್ಲಿಗೆ ಐದು ರೂಪಾಯಿ, ಲಾರಿಗೆ ಇಪ್ಪತ್ತು,
ಗಾಳಿಗೆ ನಾನು ಕಟ್ಟಿದ ಬೆಲೆ ಅಷ್ಟೇ.
ನಮ್ಮಜ್ಜ ಊರೂರು ತಿರುಗಿ ಹತ್ತಿ ಹಿಂಜಿದವ.
ಹತ್ತಿಯೊಳಗೆ ಗಾಳಿ ತುಂಬೋದೇ ಕಣೋ ಇದು,
ಅನ್ನುತ್ತಿದ್ದ, ಬಿಲ್ಲಿನ ಹೆದೆ ಮಿಡಿಯುತ್ತ.

ಒಂಬತ್ತನೇ ರಾತ್ರಿ ಫೋನು:
ಇಮಾಮಣ್ಣ, ವಾಲಿದೆ.

ತೆಪ್ಪದಲ್ಲಿ ಹೋದೆವು. ಅವಳು ಟಾರ್ಚು ಹಿಡಿದಳು,
ನಾನು ಟ್ಯೂಬು ತಬ್ಬಿ ನೀರಿಗಿಳಿದೆ.
ಅಂಗಡಿಯಲ್ಲಿ ತೂತು ಹುಡುಕೋದು ಮುಕ್ಕಾದ ತೊಟ್ಟಿಯಲ್ಲಿ,
ಮುಳುಗಿಸಿ, ತಿರುವಿ, ಗುಳ್ಳೆಗೆ ಕಾಯೋದು.
ಇಲ್ಲಿ ಊರಿನ ದೀಪವೆಲ್ಲ
ನನ್ನ ತೊಟ್ಟಿಯೊಳಗೇ ಅಲುಗುತ್ತಿದ್ದವು.
ಟಾರ್ಚು ಆರಿಸು, ಅಂದೆ.
ಕಿವಿಯಲ್ಲೇ ಹುಡುಕಿದೆ. ಇಪ್ಪತ್ತೇಳನೆಯದು,
ಸೂಜಿಮೊನೆಯಷ್ಟು;
ನಿದ್ದೆಯಲ್ಲಿ ಮಗು ಮಗ್ಗಿ ಒಪ್ಪಿಸಿದ ಹಾಗೆ
ಗುಳು, ಗುಳು.
ಹೆಬ್ಬೆಟ್ಟು ಒತ್ತಿ ಹಿಡಿದೆ,
ಅವಳು ದಡಕ್ಕೆ ಹೋಗಿ ರಬ್ಬರು ಪಟ್ಟಿ ತರೋವರೆಗೆ.
ಅಷ್ಟು ಹೊತ್ತು ಆ ಚಿಮಣಿ ನಿಂತದ್ದು
ಯಾವುದರ ಮೇಲೆ ಅಂತ
ಮನೆಯಲ್ಲೂ ಹೇಳಿಲ್ಲ.

ಇಪ್ಪತ್ತೆರಡನೇ ದಿನ ಬಿಚ್ಚಿದರು.
ಬಿದಿರು ಪೆಂಡಾಲಿನವರಿಗೆ ವಾಪಸ್,
ಬಟ್ಟೆ ಹಾಸ್ಟೆಲಿನ ಕಿಟಕಿಗಳಿಗೆ.
ದಡದಲ್ಲಿ ಕೂತು ಗಾಳಿ ಬಿಟ್ಟೆ, ಒಂದೊಂದಾಗಿ, ಮೂವತ್ತೊಂಬತ್ತು.
ರಬ್ಬರಿನ ವಾಸನೆ, ಪಾಚಿಯ ತಂಪು.
ದಾಕ್ಷಾಯಣಿಯ ಮುಂಗುರುಳು
ಅಷ್ಟಷ್ಟೇ ಹಾರಿತು.

ಉಳಿದದ್ದು ಅಂಗಡಿಯ ಮೊಳೆಗೆ ತೂಗಿದೆ.
ದಿನಾ ಬೆಳಿಗ್ಗೆ ಒತ್ತಿ ನೋಡ್ತೀನಿ,
ಒಂಚೂರು ಮೆತ್ತಗಾಗಿರುತ್ತೆ.
ನಿನ್ನೆ ಮೆಕ್ಕೆಜೋಳದ ಲಾರಿಯವನು ಅವಸರದಲ್ಲಿ ಕೈತೋರಿದ.
ಅದು ಕೊಡಲ್ಲ, ಅಂದೆ.
ಯಾಕೆ, ಪಂಕ್ಚರಾ?
ಹೂಂ, ಅಂದೆ.